ನಮ್ಮ ನಾಲ್ಕಾಣೆಯ ಚರಿತ್ರೆ

ಸಂಘದ ರಾಜ್ಯೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನಾವು ಮೊದಲು ಹಿಂಜರಿದೆವು. ಚರಿತ್ರೆ ಬರೆಯುವವರು ಶಾಸನಗಳನ್ನು ಓದಬಲ್ಲವರಾಗಿರಬೇಕು. ನಾವು ಓದಿದ್ದು ಬಿ.ಕಾಂ.; ಮಾಡುವುದು ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತೆಯ ಕೆಲಸ. ರಾಜಮಹಾರಾಜರ ವಿಚಾರ ನಮಗೆ ಅಷ್ಟಾಗಿ ತಿಳಿಯದು. ಆದರೆ ಹದಿನಾಲ್ಕು ಹದಿನೈದು ವರ್ಷ ಗಾಜಿನ ಕಿಂಡಿಯ ಹಿಂದೆ ಕುಳಿತು ಪರರ ಹಣವನ್ನು ಎಣಿಸಿದ ಮೇಲೆ ನಾಣ್ಯಗಳ ಮುಖಪರಿಚಯ ಮಾತ್ರ ಚೆನ್ನಾಗಿ ಆಗಿದೆ. ಆದುದರಿಂದ ದೊಡ್ಡ ಹಣದ ಗೊಡವೆಗೆ ಹೋಗದೆ, ಮಕ್ಕಳ ಕೈಗೆ ಬಂದು ಸಂಜೆಯೊಳಗೆ ಅಂಗಡಿ ಸೇರುವ ಚಿಲ್ಲರೆಯ ಚರಿತ್ರೆಯನ್ನು ತಿಳಿದಷ್ಟು ಬರೆಯುತ್ತೇವೆ.

ಇದಕ್ಕೆ ಕಾರಣಳಾದವಳು ನಮ್ಮ ಮಗಳು. ಭಾನುವಾರದ ಕನ್ನಡ ತರಗತಿಯಿಂದ ಬಂದವಳು, "ಹದಿನಾರಾಣೆ ಸತ್ಯ ಅಂದರೆ ಎಷ್ಟು ರೂಪಾಯಿ, ಅಪ್ಪಾ?" ಎಂದು ಕೇಳಿದಳು. ಒಂದು ರೂಪಾಯಿ ಎಂದೆವು. "ಅಷ್ಟೇನಾ?" ಎಂದಳು. ಅವಳ ನಿರಾಶೆಯನ್ನು ಕಂಡು ನಮಗೆ ನಗು ಬಂದಿತು. ಆಮೇಲೆ ಯೋಚನೆಯೂ ಬಂದಿತು.

ಹಳೆಯ ಲೆಕ್ಕವನ್ನು ಒಮ್ಮೆ ಹೇಳಿಬಿಡುವುದು ಮೇಲು. ರೂಪಾಯಿಗೆ ಹದಿನಾರು ಆಣೆ. ಆಣೆಗೆ ನಾಲ್ಕು ಮುಕ್ಕಾಸು. ಮುಕ್ಕಾಸಿಗೆ, ಹೆಸರೇ ಹೇಳುವಂತೆ, ಮೂರು ಕಾಸು. ಅಂತೂ ರೂಪಾಯಿಗೆ 192 ಕಾಸು. ಇಂದಿನ ಹುಡುಗರಿಗೆ ಇದು ತಲೆನೋವಿನ ಲೆಕ್ಕವಾಗಿ ಕಂಡೀತು. ಆದರೆ ನಮ್ಮ ಹಿರಿಯರ ಎಣಿಕೆಯೆಲ್ಲ ಇದ್ದುದನ್ನು ಎರಡು ಮಾಡಿ, ಅದನ್ನು ಮತ್ತೆ ಎರಡು ಮಾಡುತ್ತ ಹೋಗುವ ಎಣಿಕೆ. ಕಾಲು ಹಣಕ್ಕೆ ಹಾಗವೆಂದು ಹೆಸರು. ಹದಿನಾರರಲ್ಲಿ ಒಂದು ಪಾಲಿಗೆ ವೀಸವೆಂದು ಹೆಸರು. ಆಣೆಯೆಂಬ ಮಾತು ಹೊರಗಿನಿಂದ ಬಂದುದಾದರೂ ಹದಿನಾರರ ಪಾಲು ನಮ್ಮವರಿಗೆ ಹೊಸದಾಗಿರಲಿಲ್ಲ. ನಾಲ್ವರು ಗೆಳೆಯರ ನಡುವೆ ಒಂದು ನಾಣ್ಯವಿದ್ದರೆ ಜಗಳವಿಲ್ಲದೆ ಹಂಚಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕವಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮೈಸೂರು ಸೀಮೆಯ ತಾಮ್ರದ ಬಿಲ್ಲೆಯ ಮೇಲೆ ಆನೆಯಿತ್ತು. ಟೀಪೂ ಸುಲ್ತಾನನು ತನ್ನ ಪೈಸೆಗಳಿಗೆ ಆಕಾಶದ ಹೆಸರುಗಳನ್ನೇ ಇಟ್ಟನು. ಪೈಸೆಗೆ ಜೊಹ್ರಾ, ಎಂದರೆ ಶುಕ್ರ. ಅರೆ ಪೈಸೆಗೆ ಬಹರಾಮ್, ಎಂದರೆ ಮಂಗಳ. ಕಾಲಿಗೆ ಅಖ್ತರ್, ಎಂದರೆ ನಕ್ಷತ್ರ. ಅರೆಕಾಲಿಗೆ ಕುತ್ಬ್, ಎಂದರೆ ಧ್ರುವ. ಇಲ್ಲಿಯೂ ಅದೇ ಎರಡು ಮಾಡುವ ಲೆಕ್ಕವನ್ನು ಕಾಣಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯದಲ್ಲಿ ಆನೆಯೂ ಮುಂದೆ ಸಿಂಹವೂ ಬಂದವು. ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ‘ಕ್ಯಾಷ್’ ಎಂದೂ ಬರೆದಿರುತ್ತಿತ್ತು. ಆ ಕ್ಯಾಷ್ ನಮ್ಮ ಕಾಸೇ. ನಮ್ಮ ಬ್ಯಾಂಕಿನ ಕಿಂಡಿಯ ಮೇಲೆ ಬರೆದಿರುವ ಕ್ಯಾಷ್ ಬೇರೆ ಮೂಲದ್ದೆಂದು ಬಲ್ಲವರು ಹೇಳುತ್ತಾರೆ. ನಮಗಂತೂ ಎರಡೂ ಒಂದೇ ಆಗಿದ್ದರೆ ಚೆನ್ನಾಗಿತ್ತು. 1843ರಲ್ಲಿ ಮೈಸೂರಿನ ಟಂಕಸಾಲೆ ಮುಚ್ಚಿತು. ಅಲ್ಲಿಂದ ಮುಂದೆ ಕಂಪನಿಯ ನಾಣ್ಯ, ಆಮೇಲೆ ರಾಣಿಯ ನಾಣ್ಯ.

ನಮ್ಮ ಅಜ್ಜಿ ಕಂಡದ್ದು ತೂತಿನ ಕಾಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹವನ್ನು ಉಳಿಸುವುದಕ್ಕಾಗಿ ಸರಕಾರವು 1943ರಿಂದ 1947ರ ವರೆಗೆ ಕಾಲಾಣೆಯ ಬಿಲ್ಲೆಯ ನಡುವೆ ದೊಡ್ಡ ತೂತು ಮಾಡಿ ಹೊರಡಿಸಿತು. ಯುದ್ಧ ಎಲ್ಲಿ ನಡೆಯುತ್ತಿದೆಯೆಂದು ಅಜ್ಜಿಗೆ ತಿಳಿಯದು; ತೂತು ಮಾತ್ರ ತಿಳಿದಿತ್ತು. ತಿಪಟೂರು ತಾಲ್ಲೂಕಿನ ತಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರಂತೆ. ಸಂತೆಯಲ್ಲಿ ಕಡ್ಲೆಪುರಿ ಕೊಳ್ಳಬೇಕಾದರೆ ಗಂಟು ಬಿಚ್ಚಿ ಒಂದನ್ನು ತೆಗೆಯಬೇಕು. "ಗಂಟು ಬಿಚ್ಚೋ ಹೊತ್ತಿಗೆ ಆಸೆ ಅರ್ಧ ಹೋಗ್ತಿತ್ತು ಕಣೋ" ಎನ್ನುತ್ತಿದ್ದರು. ಬ್ಯಾಂಕುಗಳು ಉಳಿತಾಯಕ್ಕಾಗಿ ಎಷ್ಟೋ ಯೋಜನೆಗಳನ್ನು ಮಾಡಿವೆ. ಇಷ್ಟು ಸುಲಭವಾದುದನ್ನು ನಾವು ಕಂಡಿಲ್ಲ.

ಆಣೆಯ ಬಿಲ್ಲೆಗೆ ಹೂವಿನ ಎಸಳಿನಂತಹ ಅಂಚು. 1907ರಿಂದ ಅದೇ ರೂಪ. ಎರಡಾಣೆ ಮೊದಲು ಬೆಳ್ಳಿಯದಾಗಿತ್ತು. ಮೊದಲನೆಯ ಯುದ್ಧದಲ್ಲಿ ಬೆಳ್ಳಿಗೆ ಅಭಾವವಾಗಲು 1918ರಿಂದ ಚೌಕಾಕಾರದ ನಿಕ್ಕಲ್ ಮಿಶ್ರದ ಬಿಲ್ಲೆ ಬಂದಿತು. ಈ ಎರಡಾಣೆಗೆ ಕರಾವಳಿಯ ವಾಚಕರು ವಿಶೇಷವಾಗಿ ಋಣಿಗಳು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಕೊಂಡೊಯ್ಯುತ್ತಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿದ್ದು ಇದೇ. ಪಿಗ್ಮಿಯವರು ಬಾಗಿಲಿಗೆ ಬಂದ ದಿನ ಆ ಮನೆಯ ಮಕ್ಕಳ ಮಿಠಾಯಿಯ ಗತಿ ಏನಾಯಿತೆಂಬುದನ್ನು ಯಾವ ಲೆಕ್ಕಪುಸ್ತಕದಲ್ಲಿಯೂ ಬರೆದಿರಲಾರರು.

1956ನೆಯ ಇಸವಿ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಾವು ಪ್ರತಿವರ್ಷ ಹಬ್ಬ ಮಾಡುವುದು ಅದಕ್ಕೇ. ಸರಿಯಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ನಯಾಪೈಸೆ ಬಂದಿತು. ಈ ಎರಡು ದಿನಗಳನ್ನು ಜೊತೆಗಿಟ್ಟು ನೋಡಿದವರು ಕಡಮೆ. ನಿಜಾಮರ ಕಾಲದಲ್ಲಿ ಕಲಬುರಗಿ, ರಾಯಚೂರು, ಬೀದರದ ಮಕ್ಕಳ ಕೈಯಲ್ಲಿ ಹಾಲಿ ಸಿಕ್ಕಾ ಇತ್ತು. ಅದರ ಏಳು ರೂಪಾಯಿ ಇಂಗ್ಲಿಷರ ಆರು ರೂಪಾಯಿಗೆ ಸಮ. ಧಾರವಾಡದ ಹುಡುಗ ರೊಕ್ಕ, ಪಾವಲಿ ಎಂದರೆ ತಿಪಟೂರಿನವನು ದುಡ್ಡು, ನಾಲ್ಕಾಣೆ ಎನ್ನುತ್ತಿದ್ದ. ಒಂದಾದ ನಾಡಿನ ಎಲ್ಲ ಮಕ್ಕಳಿಗೂ ಒಂದೇ ಬಾರಿಗೆ ಹೊಸದಾಗಿ ಬಂದದ್ದು ಈ ನಯಾಪೈಸೆ. ಎಲ್ಲರೂ ಒಂದೇ ಬಾರಿಗೆ ತಪ್ಪು ಲೆಕ್ಕ ಮಾಡಿದ್ದೂ ಅದರಲ್ಲಿಯೇ.

ತೊಂದರೆಯ ಮೂಲ ಇದು: ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲ. ಸರಕಾರದ ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾಪೈಸೆ ಎಂದಿತ್ತು. ಆಗ ನಮ್ಮ ದೊಡ್ಡಪ್ಪನವರಿಗೆ ಎಂಟು ವರ್ಷ. ಸಂತೆಯ ದಿನ ತಾತ ಕೊಡುತ್ತಿದ್ದ ಒಂದಾಣೆಯನ್ನು ಶೆಟ್ಟರ ಅಂಗಡಿಗೆ ಕೊಟ್ಟು ಆರು ಪೈಸೆಯ ಕಲ್ಯಾಣಸೇವೆಯನ್ನು ಕೊಳ್ಳುತ್ತಿದ್ದರು. ನಾಲ್ಕು ಸಂತೆ ಕಳೆದ ಮೇಲೆ ಶಾಲೆಯಲ್ಲಿ ಮೇಷ್ಟರು ಪಟ್ಟಿಯನ್ನು ಬಾಯಿಪಾಠ ಮಾಡಿಸಿದಾಗ ಅವರಿಗೆ ಹೊಳೆಯಿತು: ಬಿಡಿಬಿಡಿಯಾಗಿ ಕೊಟ್ಟ ನಾಲ್ಕು ಆಣೆಗೆ ಬಂದದ್ದು 24 ಪೈಸೆಯ ಮಾಲು, ಒಟ್ಟಿಗೆ ಕೊಟ್ಟಿದ್ದರೆ 25! ಕೂಡಲೇ ಓಡಿ ಹೋಗಿ ತಮ್ಮ ಒಂದು ಪೈಸೆ ಕೊಡಿರೆಂದು ಶೆಟ್ಟರನ್ನು ಕೇಳಿದರು. ಶೆಟ್ಟರು ನಕ್ಕು ಒಂದು ಬತ್ತಾಸು ಕೈಗಿತ್ತು ಕಳುಹಿಸಿದರು. ದೊಡ್ಡಪ್ಪ ಬತ್ತಾಸನ್ನು ತಿಂದರು. ಆದರೆ ಸಾಲ ತೀರಿತೆಂದು ಇಂದಿಗೂ ಒಪ್ಪಿಲ್ಲ. ನಾವು ಬಿ.ಕಾಂ. ಮುಗಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಆ ಒಂದು ಪೈಸೆಗೆ ಈಗ ಬಡ್ಡಿ ಎಷ್ಟಾಗಿರಬಹುದೆಂಬುದು.

1964ರ ಜೂನ್ 1ರಿಂದ ‘ನಯಾ’ ಎಂಬ ಮಾತು ಹೋಗಿ ಬರಿಯ ಪೈಸೆ ಉಳಿಯಿತು. ತಾಮ್ರ ಹೋಗಿ ಅಲ್ಯೂಮಿನಿಯಂ ಬಂದಿತು. ಚೌಕದ ಒಂದು ಪೈಸೆಯ ಬಿಲ್ಲೆ ಎಷ್ಟು ಹಗುರವೆಂದರೆ ಬಟ್ಟಲ ನೀರಿನ ಮೇಲೆ ಮೆಲ್ಲಗೆ ಇಟ್ಟರೆ ತೇಲುತ್ತಿತ್ತು. ಇದೆಲ್ಲದರ ನಡುವೆ ಒಂದು ಸೋಜಿಗ ನಡೆಯಿತು. ಒಂದಾಣೆ, ಎರಡಾಣೆ, ಮೂರಾಣೆ ಎಂಬ ಮಾತುಗಳು ಅಂಗಡಿಯ ವ್ಯವಹಾರದಿಂದ ಮೆಲ್ಲಮೆಲ್ಲನೆ ಮಾಯವಾದವು. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಮಾತ್ರ ಉಳಿದವು. ನಮ್ಮ ಜನರಿಗೆ ಹಳೆಯದರ ಮೇಲೆ ಪ್ರೀತಿಯೆಂದು ಇದಕ್ಕೆ ಕಾರಣ ಹೇಳುವವರುಂಟು. ಗುಮಾಸ್ತೆಯ ಬುದ್ಧಿಗೆ ತೋರುವುದು ಬೇರೆ: ನೂರರಲ್ಲಿ ಶೇಷವಿಲ್ಲದೆ ಕೂರುವವು ಆ ಮೂರೇ. ಲೆಕ್ಕ ಸರಿಹೋದ ಮಾತು ಬದುಕಿತು. ಆರೂಕಾಲಿನ ಮಾತು ಸತ್ತಿತು.

ಹಾಗಾಗಿ ಆಣೆ ಹೋಗಿ ಮೂವತ್ತು ವರ್ಷವಾದ ಮೇಲೆ ಹುಟ್ಟಿದ ನಮಗೂ ಅಜ್ಜಿ ಕೊಟ್ಟದ್ದು ನಾಲ್ಕಾಣೆಯೇ. ಎಲೆಅಡಿಕೆಯ ಸಂಚಿಯಿಂದ ತೆಗೆದುಕೊಡುತ್ತಿದ್ದುದರಿಂದ ಅದಕ್ಕೆ ಸುಣ್ಣ, ಹೊಗೆಸೊಪ್ಪಿನ ವಾಸನೆ ಅಂಟಿರುತ್ತಿತ್ತು. 1988ರಿಂದ ಬಂದ ಉಕ್ಕಿನ ಆ ಪುಟ್ಟ ಬಿಲ್ಲೆಯ ಮೇಲೆ ಖಡ್ಗಮೃಗದ ಚಿತ್ರ. ನಮ್ಮೂರ ಹುಡುಗರೆಲ್ಲ ಅದನ್ನು ಕೋಣವೆಂದೇ ತಿಳಿದಿದ್ದೆವು. ಖಡ್ಗಮೃಗವೆಂದು ಮೇಷ್ಟರು ತಿದ್ದಿದ ಮೇಲೂ ಅದು ನಮ್ಮ ಬಾಯಲ್ಲಿ ಕೋಣನ ಬಿಲ್ಲೆಯೇ.

ಒಂದು ನಾಲ್ಕಾಣೆಗೆ ಎರಡು ನಿಂಬೆಹುಳಿ ಪೆಪ್ಪರಮೆಂಟು ಬರುತ್ತಿತ್ತು. ಇಲ್ಲವೆ ಒಂದು ಕಂಬರ್‌ಕಟ್ಟು. ಕಂಬರ್‌ಕಟ್ಟು ಕಲ್ಲಿನಂತೆ ಗಟ್ಟಿ, ಅರ್ಧ ಗಂಟೆ ಬಾಳುವುದು. ಆದರೆ ದೊಡ್ಡಪ್ಪನ ಕಾಲದ ನಾಲ್ಕಾಣೆಯನ್ನು ನಾಲ್ವರಿಗೆ ಒಡೆಯಬಹುದಾಗಿತ್ತು. ನಮ್ಮ 25 ಪೈಸೆಯನ್ನು ಇಬ್ಬರಿಗೂ ಸಮನಾಗಿ ಒಡೆಯಲಾಗದು. ಆದುದರಿಂದ ಒಡೆಯಬೇಕಾದದ್ದು ಮಿಠಾಯಿಯನ್ನು. ಅಂಗಿಯ ಚುಂಗಿನಲ್ಲಿ ಸುತ್ತಿ ಹಲ್ಲಿನಿಂದ ಕಡಿದರೆ ಅದು ಕಾಗೆ ಎಂಜಲು, ದೋಷವಿಲ್ಲ. ದೊಡ್ಡ ತುಂಡು ಕಡಿದವನ ಬಾಯಲ್ಲಿಯೇ ಉಳಿಯುತ್ತಿತ್ತೆಂಬುದು ಬೇರೆ ಮಾತು.

ಒಡೆಯಲಾಗದ ನಾಣ್ಯವನ್ನು ಕೂಡಿಸಬಹುದಾಗಿತ್ತು. ಬಾಡಿಗೆ ಸೈಕಲ್ಲಿಗೆ ಅರ್ಧ ಗಂಟೆಗೆ ಒಂದು ರೂಪಾಯಿ. ನಾಲ್ವರು ಸೇರಿ ನಾಲ್ಕು ನಾಲ್ಕಾಣೆ ಹಾಕಿದರೆ ತಲೆಗೆ ಏಳೂವರೆ ನಿಮಿಷ. ಯಾರ ಕೈಯಲ್ಲಿಯೂ ಗಡಿಯಾರವಿರಲಿಲ್ಲವಾಗಿ ಅರಳಿಕಟ್ಟೆಯ ತನಕ ಹೋಗಿ ಬರುವುದೇ ಒಂದು ಪಾಲು. ಕೊಬ್ಬರಿ ಸುಲಿಯುವ ದಿನಗಳಲ್ಲಿ ಚಿಪ್ಪು ಆರಿಸಿ ಗುಡ್ಡೆ ಹಾಕಿದರೆ ಎಂಟಾಣೆ ಸಿಗುತ್ತಿತ್ತು. ಅದು ಸಂಪಾದನೆಯ ಹಣವಾದ್ದರಿಂದ ಐಸ್‌ಕ್ಯಾಂಡಿಗೆ ಹಾಕುವಾಗ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ. ಮುಂಬಯಿಗೆ ಬಂದ ಹೊಸತರಲ್ಲಿ ಅದರ ತವರಿನಲ್ಲಿಯೇ ಒಮ್ಮೆ ತಿನ್ನಬೇಕೆಂದು ವಿಚಾರಿಸಿದೆವು. ಇಲ್ಲಿಯವರಿಗೆ ಆ ಹೆಸರೇ ಗೊತ್ತಿಲ್ಲ. ಅವರಿಗೆ ಅದು ‘ಬುಡ್ಢಿ ಕೇ ಬಾಲ್’, ಮುದುಕಿಯ ಕೂದಲು!

ನಾವು ಕೆಲಸಕ್ಕೆ ಸೇರಿದ ವರ್ಷವೇ ನಾಲ್ಕಾಣೆಗೆ ಕೊನೆಗಾಲ ಬಂದಿತು. 25 ಪೈಸೆ ಮತ್ತು ಅದಕ್ಕೂ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಸಲ್ಲವೆಂದು ಸರಕಾರ ಸಾರಿತು. ಜೂನ್ 29ರ ತನಕ ಸಣ್ಣ ನಾಣ್ಯದ ಉಗ್ರಾಣವಿದ್ದ ಬ್ಯಾಂಕ್ ಶಾಖೆಗಳಲ್ಲಿಯೂ ರಿಸರ್ವ್ ಬ್ಯಾಂಕಿನಲ್ಲಿಯೂ ಬದಲಿಸಿಕೊಳ್ಳಬಹುದಾಗಿತ್ತು. ನಮ್ಮ ಶಾಖೆಯೂ ಅಂತಹುದೊಂದು. ಹೊಸಬರೆಂದು ಆ ಕಿಂಡಿಗೆ ನಮ್ಮನ್ನೇ ಕೂರಿಸಿದರು. ಗುಡಿಗಳ ಹುಂಡಿಯ ಚೀಲಗಳು, ಕಿರಾಣಿ ಅಂಗಡಿಯ ಡಬ್ಬಗಳು, ಮಕ್ಕಳ ಮಣ್ಣಿನ ಕುಡಿಕೆಗಳು ಬಂದವು. ಕೊನೆಯ ವಾರ ಹೂವು ಮಾರುವ ಮುದುಕಿಯೊಬ್ಬಳು ಸೆರಗಿನ ಗಂಟನ್ನು ಬಿಚ್ಚಿ, ಮೊದಲು ಹಿಂದಿಯಲ್ಲಿ ತಡವರಿಸಿ, ಆಮೇಲೆ ತನ್ನಷ್ಟಕ್ಕೆ, "ಪಾವಲಿ ಅದಾವಪ್ಪಾ, ಇವ್ನ ತಗೋತಾರೋ ಇಲ್ಲೋ" ಎಂದಳು. ತಗೋತೇವಮ್ಮಾ ಎಂದು ನಾವು ಕನ್ನಡದಲ್ಲಿ ಹೇಳಿದಾಗ ಅವಳು ಹಣದ ಮಾತನ್ನು ಮರೆತು ನಮ್ಮ ಊರು ಯಾವುದೆಂದು ಕೇಳತೊಡಗಿದಳು. ಹಿಂದೆ ಸಾಲು ನಿಂತಿದ್ದವರು ಗೊಣಗಿದರು.

ಇಷ್ಟೆಲ್ಲ ಮಾಡಿದ ನಮಗೆ ಒಂದು ಮಾತು ಹೊಳೆಯಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ, ಆಗಸ್ಟ್ ತಿಂಗಳ ಕೊನೆಯಲ್ಲಿ, ಅಜ್ಜಿ ಒಂದು ಬಟ್ಟೆಯ ಗಂಟನ್ನು ತಂದು ಮುಂದಿಟ್ಟರು. "ನಾಲ್ಕಾಣೆ ನಡೆಯಲ್ವಂತಲ್ಲೋ, ಅಂಗಡೀಲಿ ತಗೊಳ್ಳಲ್ಲ. ನೀನು ಬ್ಯಾಂಕಿನೋನು, ಬದಲಾಯಿಸಿ ಕೊಡು" ಎಂದರು. ಎರಡು ತಿಂಗಳು ತಡವಾಗಿತ್ತು. ಊರವರದ್ದೆಲ್ಲ ಬದಲಿಸಿದ ಮೊಮ್ಮಗ ಅಜ್ಜಿಗೆ ಒಂದು ಫೋನು ಮಾಡಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವ ಧೈರ್ಯ ನಮಗಾಗಲಿಲ್ಲ. ಎಣಿಸಿದೆವು. ನಲವತ್ತಮೂರು ಬಿಲ್ಲೆ, ಹತ್ತು ರೂಪಾಯಿ ಎಪ್ಪತ್ತೈದು ಪೈಸೆ. ಜೇಬಿನಿಂದ ಹತ್ತು ರೂಪಾಯಿಯ ನೋಟನ್ನೂ ಒಂದು ರೂಪಾಯಿಯನ್ನೂ ತೆಗೆದು ಕೈಗಿತ್ತೆವು. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿದರು. "ತಾಳು, ನಾಲ್ಕಾಣೆ ಹೆಚ್ಚಿಗೆ ಕೊಟ್ಟಿದೀಯ" ಎಂದು ಸಂಚಿಯೊಳಗೆ ಕೈಹಾಕಿ, ಅಡಿಕೆಯ ಚೂರುಗಳ ನಡುವೆ ಹುಡುಕಿ, ಸುಣ್ಣ ಮೆತ್ತಿದ ಇನ್ನೊಂದು ಕೋಣನ ಬಿಲ್ಲೆಯನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟರು.