ಕೊಟ್ಟ ಮಾತಿಗೆ ಕಲ್ಲಿನ ಕಾವಲು

ಸಾಲ ತೀರಿಸುವ ಹೊತ್ತಿಗೆ ‘ಕೈ ಎತ್ತಿಬಿಟ್ಟ’, ಮದುವೆ ಅಡುಗೆ ಒಪ್ಪಿಕೊಂಡು ‘ಕೈ ಕೊಟ್ಟ’, ಲೆಕ್ಕ ಕೇಳಿದರೆ ‘ಜಾರಿಕೊಂಡ’. ನಮ್ಮ ಹಾಸನದ ಕಡೆ ದಿನಾ ಕಿವಿಗೆ ಬೀಳುವ ಮಾತುಗಳಿವು. ಇದೇ ಜಿಲ್ಲೆಯ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದು, ಕೊಟ್ಟ ದತ್ತಿಯನ್ನು ಅಳಿಸಿದವನಿಗೆ ಮಹಾಪಾತಕ ಎಂದು ಆಗಲೇ ಸಾರಿತ್ತು.

ದಾನಶಾಸನ ಕಂಡರೆ ನಾನು ಮೊದಲು ಓದುವುದು ಕೊನೆಯ ಸಾಲುಗಳನ್ನು. ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು, ನಡುವೆ ಗದ್ದೆಯ ಎಲ್ಲೆ, ಅಳತೆ, ಕಟ್ಟಕಡೆಗೆ ಶಾಪ. ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ, 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟು. ದೊರೆ ಸತ್ತ ಮೇಲೆ ಮಗನೋ ಮೊಮ್ಮಗನೋ ‘ಅದು ಹಿಂದಿನವರು ಆಡಿದ ಮಾತು, ನನಗೇನು?’ ಅನ್ನಬಾರದಲ್ಲ. ಅದಕ್ಕೇ ಆ ಶಾಪ ತಾನು ಕೊಟ್ಟದ್ದಕ್ಕೂ ಬೇರೆಯವರು ಕೊಟ್ಟದ್ದಕ್ಕೂ ಒಂದೇ.

ಬರೀ ಹೆದರಿಕೆ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಊರವರೆಲ್ಲ ಕಾಣುವಂತೆ ದೇವಸ್ಥಾನದ ಮುಂದೆ ನೆಟ್ಟ ಮಾತಿನಿಂದ ನುಣುಚಿಕೊಳ್ಳುವುದು ಸುಲಭವಲ್ಲ. ನಿಮ್ಮೂರಲ್ಲೂ ಅಂಥ ಕಲ್ಲಿದ್ದರೆ ದಯವಿಟ್ಟು ಅದಕ್ಕೆ ಸುಣ್ಣ ಬಳಿಯಬೇಡಿ, ಅದರ ಮೇಲೆ ಬಟ್ಟೆ ಒಗೆಯಬೇಡಿ.