ಜಗನ್ಮೋಹನ ಅರಮನೆಯಿಂದ ಮಾರತ್ತಹಳ್ಳಿಯ ಮೂರನೇ ಮಹಡಿಗೆ

ಮಾರತ್ತಹಳ್ಳಿ ಬ್ರಿಡ್ಜ್‌ನಿಂದ ಯಾವ ದಿಕ್ಕಿಗೆ ಹೋದರೂ ಪೀಜಿ ಬೋರ್ಡುಗಳ ನಡುವೆ ಒಂದು ಯೋಗ ಕ್ಲಾಸಿನ ಬೋರ್ಡು ಕಣ್ಣಿಗೆ ಬೀಳುತ್ತೆ. ಕೆಳಗೆ ದರ್ಶಿನಿ, ಅದರ ಮೇಲೆ ಹಲ್ಲಿನ ಡಾಕ್ಟರು, ಮೂರನೇ ಮಹಡಿಯಲ್ಲಿ ಯೋಗ. ಬೆನ್ನುನೋವು, ಥೈರಾಯ್ಡ್, ಪಿಸಿಓಡಿ, ಸ್ಟ್ರೆಸ್, ಎಲ್ಲಕ್ಕೂ ಪರಿಹಾರ ಅಂತ ಬರೆದಿರುತ್ತಾರೆ. ಒಳಗೆ ಹೋಗಿ ನೋಡಿದರೆ ಎಷ್ಟೋ ಕಡೆ ಮ್ಯಾಟ್ ಹಾಸಿಕೊಂಡವರಲ್ಲಿ ಹೆಂಗಸರೇ ಜಾಸ್ತಿ.

ಈ ಯೋಗದ ಬಗ್ಗೆ ಆಫೀಸಿನ ಕಾಫಿ ಬ್ರೇಕ್‌ನಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಸುತ್ತವೆ. ಒಂದು, ಇದೆಲ್ಲ ಐದು ಸಾವಿರ ವರ್ಷದ ಹಿಂದೆ ಋಷಿಗಳು ಕೊಟ್ಟಿದ್ದು. ಇನ್ನೊಂದು, ಲೆಗ್ಗಿಂಗ್ಸ್ ಹಾಕ್ಕೊಂಡು ಮಾಡೋ ಈ ಯೋಗ ಫಾರಿನ್‌ನವರು ನಮಗೇ ತಿರುಗಿ ಮಾರಿದ ಸರಕು. ಎರಡೂ ಅರ್ಧ ಸತ್ಯ. ಉಳಿದ ಅರ್ಧ ಇರೋದು ಇಲ್ಲಿಂದ ನೂರೈವತ್ತು ಚಿಲ್ಲರೆ ಕಿಲೋಮೀಟರ್ ದೂರದ ಮೈಸೂರಿನಲ್ಲಿ, 1930ರ ದಶಕದಲ್ಲಿ. ಆ ಕತೆಯಲ್ಲಿ ಒಬ್ಬ ಮಹಾರಾಜ, ಒಬ್ಬ ಮುಂಗೋಪಿ ಗುರು, ಒಬ್ಬ ವಿದೇಶಿ ಸಿನಿಮಾ ನಟಿ ಇದ್ದಾರೆ. ಜೊತೆಗೆ ಹೆಸರೇ ಗೊತ್ತಿಲ್ಲದ ಧಾರವಾಡದ ಕೆಲವು ಹೆಂಗಸರೂ ಇದ್ದಾರೆ.

ಮೊದಲು ಶಾಸ್ತ್ರದ ಮಾತು. 15ನೇ ಶತಮಾನದ ‘ಹಠಯೋಗ ಪ್ರದೀಪಿಕಾ’ ಹಠಯೋಗದವರಿಗೆ ಮುಖ್ಯ ಗ್ರಂಥ. ಅದರಲ್ಲಿರುವ ಆಸನಗಳು ಬರೀ ಹದಿನೈದು. ಸೂರ್ಯನಮಸ್ಕಾರದ ಸುದ್ದಿಯೇ ಇಲ್ಲ. ಸಾಧನೆ ಶುರುಮಾಡುವವನು ಬೆಂಕಿ, ಹೆಂಗಸು ಮತ್ತು ಪ್ರಯಾಣದಿಂದ ದೂರ ಇರಬೇಕು ಅಂತ ಅದು ಹೇಳುತ್ತೆ. ಅಂದರೆ ಓದುಗ ಗಂಡಸು ಅಂತ ಲೆಕ್ಕ ಹಾಕಿಯೇ ಬರೆದಿದ್ದು. ತಮಾಷೆ ಏನಪ್ಪಾ ಅಂದ್ರೆ, ಅದೇ ಪುಸ್ತಕದಲ್ಲಿ ಮುಂದೆ ವಜ್ರೋಳಿ ಎಂಬ ಮುದ್ರೆ ಬರುತ್ತೆ. ಅದು ಲೈಂಗಿಕ ಕ್ರಿಯೆಗೇ ಸಂಬಂಧಪಟ್ಟ ಸಾಧನೆ. ಅದನ್ನು ಸಾಧಿಸಿದ ಹೆಂಗಸು ಯೋಗಿನಿ ಅಂತಲೂ ಹೇಳಿದೆ. ಒಂದು ಕಡೆ ಹೆಣ್ಣಿಂದ ದೂರ ಇರು, ಇನ್ನೊಂದು ಕಡೆ ಹೆಣ್ಣೂ ಯೋಗಿನಿ. ನಮ್ಮ ಪರಂಪರೆ ಮೈ ಬಗ್ಗೆ, ಕಾಮದ ಬಗ್ಗೆ ಒಂದೇ ಮಾತು ಆಡಿದ್ದು ಯಾವಾಗಲೂ ಇಲ್ಲ. ಈಗಿನ ಯೋಗದ ಪಠ್ಯಗಳಲ್ಲಿ ಆ ಭಾಗ ಸಾಮಾನ್ಯವಾಗಿ ಸದ್ದಿಲ್ಲದೆ ಮಾಯವಾಗಿರುತ್ತೆ, ಅಷ್ಟೆ.

ಈಗ ಮೈಸೂರಿಗೆ ಬರೋಣ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಮಾಡಿಕೊಟ್ಟರು. ಮರುವರ್ಷ ಅವರು ‘ಯೋಗ ಮಕರಂದ’ ಬರೆದರು. ಇವತ್ತು ಜಗತ್ತಿನಾದ್ಯಂತ ಓದುವ ಆ ಪುಸ್ತಕ ಮೊದಲು ಬಂದಿದ್ದು ಕನ್ನಡದಲ್ಲಿ ಅನ್ನೋದು ನಮ್ಮಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ಪಟ್ಟಾಭಿ ಜೋಯಿಸರು, ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಇವರ ಶಿಷ್ಯರು.

ಆ ಅರಮನೆಯ ಆವರಣದಲ್ಲಿ ಯೋಗ ಒಂದೇ ಇರಲಿಲ್ಲ. ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ವ್ಯಾಯಾಮ ಪದ್ಧತಿಯೂ ಅಲ್ಲೇ ನಡೀತಿತ್ತು. ‘ಶಾಂತಲಾ’ ಕಾದಂಬರಿ ಬರೆದ ಅದೇ ಅಯ್ಯರ್! ಗ್ರೀಕ್ ಶಿಲ್ಪದ ಹಾಗೆ ಮೈಕಟ್ಟು ತೋರಿಸುವ ಫೋಟೋಗಳಿಂದ ಹೆಸರಾಗಿದ್ದವರು, ಸೂರ್ಯನಮಸ್ಕಾರವನ್ನು ದೇಹದಾರ್ಢ್ಯದ ಜೊತೆ ಸೇರಿಸಿದವರು. ಇಂಥ ನೆರೆಹೊರೆಯನ್ನೂ ಯುರೋಪಿನ ಡ್ರಿಲ್‌ ಪ್ರಭಾವವನ್ನೂ ತೋರಿಸಿ, ಇಂದಿನ ಆಸನ ಪದ್ಧತಿಯಲ್ಲಿ ಜಿಮ್ನಾಸ್ಟಿಕ್ಸಿನ ಪಾಲೂ ಇದೆ ಅಂತ ಮಾರ್ಕ್ ಸಿಂಗಲ್ಟನ್ ತಮ್ಮ 2010ರ ಪುಸ್ತಕದಲ್ಲಿ ವಾದಿಸಿದರು. ಹಾಗಂತ ಎಲ್ಲ ಹೊರಗಿನಿಂದ ಬಂದಿದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. ಅರಮನೆಯಲ್ಲಿ ಹಳೆಯದೂ ಇತ್ತು, ಹೊಸದೂ ಇತ್ತು. ಗುರುಗಳು ಎರಡನ್ನೂ ಕಲಸಿ ಹದ ಮಾಡಿದರು.

ನಟಿ ಬರೋದು ಇಲ್ಲಿಗೆ. 1899ರಲ್ಲಿ ರೀಗಾ ಪಟ್ಟಣದಲ್ಲಿ ಹುಟ್ಟಿದ ಯೆವ್ಗೆನಿಯಾ ಪೀಟರ್ಸನ್, ರಷ್ಯಾದ ಕ್ರಾಂತಿಯ ಗದ್ದಲದಲ್ಲಿ ಊರುಬಿಟ್ಟು ಬರ್ಲಿನ್ನಿನಲ್ಲಿ ನಾಟಕ, ನೃತ್ಯ ಮಾಡಿಕೊಂಡಿದ್ದರು. 1927ರಲ್ಲಿ ಇಂಡಿಯಾಕ್ಕೆ ಬಂದರು. ‘ಶೇರ್-ಎ-ಅರಬ್’ ಎಂಬ ಚಿತ್ರದಲ್ಲಿ ನಟಿಸುವಾಗ ಇಟ್ಟುಕೊಂಡ ಹೆಸರು ಇಂದ್ರಾದೇವಿ. ಬೊಂಬಾಯಿಯಲ್ಲಿದ್ದ ಜೆಕೊಸ್ಲೊವಾಕಿಯಾದ ರಾಜತಾಂತ್ರಿಕ ಅಧಿಕಾರಿಯನ್ನು ಮದುವೆಯಾದರು. ಪಾರ್ಟಿ, ಕ್ಲಬ್ಬು, ಒಳ್ಳೆ ಪರಿಚಯಗಳು, ಈಗಿನ ಭಾಷೆಯಲ್ಲಿ ಪಕ್ಕಾ ಎಕ್ಸ್‌ಪ್ಯಾಟ್ ಬದುಕು. ಮಧ್ಯೆ ಹೃದಯದ ತೊಂದರೆ ಶುರುವಾಯ್ತು.

ಮೈಸೂರಿಗೆ ಬಂದು ಕಲಿಸಿ ಅಂತ ಕೇಳಿದಾಗ ಕೃಷ್ಣಮಾಚಾರ್ಯರು ಆಗಲ್ಲ ಅಂದರು. ವಿದೇಶಿ ಅನ್ನೋದು ಒಂದು ಕಾರಣ, ಹೆಂಗಸು ಅನ್ನೋದು ಇನ್ನೊಂದು. ಮಹಾರಾಜರೇ ಮಧ್ಯೆ ಬಂದು ಹೇಳಿದ ಮೇಲೆ ಒಪ್ಪಿಕೊಂಡರು. ಒಪ್ಪಿದರೂ ಸುಲಭದ್ದೇನೂ ಕೊಡಲಿಲ್ಲ. ಊಟಕ್ಕೆ ಕಟ್ಟುಪಾಡು, ನಿದ್ದೆಗೆ ಕಟ್ಟುಪಾಡು, ತಾನಾಗೇ ಬಿಟ್ಟು ಹೋಗಲಿ ಅನ್ನೋ ಹಾಗೆ. ಆಕೆ ಬಿಟ್ಟು ಹೋಗಲಿಲ್ಲ. ಗಂಡನಿಗೆ ಶಾಂಘೈಗೆ ವರ್ಗವಾದಾಗ ಗುರುಗಳೇ ಕರೆದು, ಇನ್ನು ನೀನೂ ಕಲಿಸು ಅಂದರು. 1939ರಲ್ಲಿ ಶಾಂಘೈಯಲ್ಲಿ, ಯುದ್ಧ ಮುಗಿದ ಮೇಲೆ 1948ರ ಹೊತ್ತಿಗೆ ಹಾಲಿವುಡ್‌ನಲ್ಲಿ ಕ್ಲಾಸು ಶುರುವಾಯ್ತು. ಗ್ಲೋರಿಯಾ ಸ್ವಾನ್ಸನ್, ಗ್ರೇಟಾ ಗಾರ್ಬೋ ಥರದ ತಾರೆಯರು ಶಿಷ್ಯರಾದರು. ತಾರೆಯರು ಮಾಡಿದ್ದನ್ನು ಪತ್ರಿಕೆಗಳು ಹೊಗಳಿದವು, ಪತ್ರಿಕೆ ಓದಿದ ಗೃಹಿಣಿಯರು ಕಲಿಯೋಕೆ ಬಂದರು. ಸಂನ್ಯಾಸಿಯ ಸಾಧನೆ ನಿದ್ದೆಗೆ, ಚರ್ಮದ ಕಾಂತಿಗೆ, ಸೊಂಟಕ್ಕೆ ಒಳ್ಳೆಯದು ಅಂತಾಯ್ತು. 1953ರ ಅವರ ಪುಸ್ತಕದ ಹೆಸರೇ ‘ಫಾರೆವರ್ ಯಂಗ್, ಫಾರೆವರ್ ಹೆಲ್ದಿ’.

ಸಿನಿಮಾ ತಾರೆ ಮಾಡಿದರೆ ಜನ ಮಾಡ್ತಾರೆ ಅನ್ನೋದು ನಮಗೇನು ಹೊಸದಲ್ಲ. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ರಾಜಕುಮಾರ್ ಆಸನ ಹಾಕಿದ್ದನ್ನು ನೋಡಿ ಮನೆಯಲ್ಲಿ ಚಾಪೆ ಹಾಸಿದ ಅಪ್ಪಂದಿರು ಎಷ್ಟು ಜನ ಇದ್ದಾರೋ, ವಿಚಾರಿಸಿ ನೋಡಿ.

ಹೆಣ್ಣುಮಕ್ಕಳಿಗೆ ಯೋಗದ ಬಾಗಿಲು ತೆಗೆದಿದ್ದು ಇಂದ್ರಾದೇವಿ ಅನ್ನೋದು ಈಗ ಪುಸ್ತಕಗಳಲ್ಲಿ ಮಾಮೂಲಿ ಮಾತು. ಆದರೆ ಅಯ್ಯಂಗಾರ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡ ಒಂದು ಪ್ರಸಂಗ ಅದಕ್ಕಿಂತ ಹಿಂದಿನದು. 1936ರಲ್ಲಿ ಗುರುಗಳು ಶಿಷ್ಯರನ್ನು ಕಟ್ಟಿಕೊಂಡು ಉತ್ತರ ಕರ್ನಾಟಕದಲ್ಲಿ ಪ್ರಾತ್ಯಕ್ಷಿಕೆ ಕೊಡುತ್ತಾ ಧಾರವಾಡಕ್ಕೆ ಹೋದಾಗ, ಅಲ್ಲಿನ ಕೆಲವು ಹೆಂಗಸರು ನಮಗೂ ಕಲಿಸಿ ಅಂತ ಕೇಳಿದರು. ಗಂಡಸು ಹೆಂಗಸರಿಗೆ ಕಲಿಸೋದು ಹೇಗೆ? ಕೊನೆಗೆ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನಾದ ಹುಡುಗನನ್ನು ಕಳಿಸಿದರು. ಆ ಹುಡುಗ ಅಯ್ಯಂಗಾರ್. ಅವರ ಪಾಠದ ಬದುಕು ಶುರುವಾಗಿದ್ದೇ ಹೆಂಗಸರ ತರಗತಿಯಿಂದ. ಕೃಷ್ಣಮಾಚಾರ್ಯರ ಮನೆಯೊಳಗೂ ಯೋಗ ಗಂಡಸರಿಗಷ್ಟೇ ಇರಲಿಲ್ಲ. 1938ರ ಮೂಕಿ ಚಿತ್ರವೊಂದರಲ್ಲಿ ಅವರ ಪತ್ನಿ ನಾಮಗಿರಿಯಮ್ಮ, ಮಕ್ಕಳು ಆಸನ ಹಾಕುವುದನ್ನು ಈಗಲೂ ನೋಡಬಹುದು.

ಹಾಲಿವುಡ್‌ಗೆ ಹೋದವರ ಹೆಸರು ಉಳೀತು, ಧಾರವಾಡದಲ್ಲಿ ಕೇಳಿದವರ ಹೆಸರು ಉಳೀಲಿಲ್ಲ. ಬಾಗಿಲು ತೆರೆದಿದ್ದು ಗುರುವಿನ ಔದಾರ್ಯದಿಂದ ಅಂತಾಗಲಿ, ಬಿಳಿಯರ ದಯೆಯಿಂದ ಅಂತಾಗಲಿ ಹೇಳೋದು ತಪ್ಪು. ನಮಗೂ ಬೇಕು ಅಂತ ಹೆಂಗಸರು ಬಾಯಿಬಿಟ್ಟು ಕೇಳಿದ್ದರಿಂದ ತೆರೆಯಿತು.

ಇನ್ನು ಔಷಧದ ವಿಷಯ. ತನ್ನ ಹೃದಯದ ತೊಂದರೆ ಯೋಗದಿಂದಲೇ ವಾಸಿಯಾಯ್ತು ಅಂತ ಇಂದ್ರಾದೇವಿ ನಂಬಿದ್ದರು, 102 ವರ್ಷ ಬದುಕಿ 2002ರಲ್ಲಿ ಅರ್ಜೆಂಟೀನಾದಲ್ಲಿ ತೀರಿಕೊಂಡರು. ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ? ಆದರೆ ಒಬ್ಬರ ಅನುಭವ ಪುರಾವೆ ಅಲ್ಲ. ಕೃಷ್ಣಮಾಚಾರ್ಯರು ಹೃದಯ ಬಡಿತ ನಿಲ್ಲಿಸಿ ತೋರಿಸುತ್ತಿದ್ದರು ಅನ್ನೋದು ದೊಡ್ಡ ದಂತಕತೆ. 1935ರಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರೋಸ್ ಇಸಿಜಿ ಯಂತ್ರ ಹೊತ್ತು ಬಂದು ಅವರನ್ನೂ ಪರೀಕ್ಷಿಸಿದ್ದರು. ಆಮೇಲೆ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ಇದೇ ವಿದ್ಯೆ ಬಲ್ಲವರನ್ನು ಮತ್ತೆ ಪರೀಕ್ಷಿಸಿ 1961ರಲ್ಲಿ ವರದಿ ಬರೆದರು. ಉಸಿರು ಹಿಡಿದು ಎದೆ, ಹೊಟ್ಟೆ ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತೆ. ನಾಡಿ ಕೈಗೆ ಸಿಗಲ್ಲ, ಸದ್ದು ಕೇಳಲ್ಲ. ಆದರೆ ಇಸಿಜಿಯಲ್ಲಿ ಹೃದಯ ಬಡೀತಾನೇ ಇರುತ್ತೆ. ಸ್ನಾಯುಗಳ ಮೇಲೆ ಅಂಥ ಹಿಡಿತ ನಿಜಕ್ಕೂ ದೊಡ್ಡದು. ಪವಾಡ ಮಾತ್ರ ಅಲ್ಲ.

ಬೋರ್ಡಿನ ಮೇಲಿನ ಪಟ್ಟಿಯನ್ನೂ ಹೀಗೇ ಓದಬೇಕು. ಬಹುದಿನದ ಬೆನ್ನುನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಯೋಗವನ್ನೂ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಸೇರಿಸಿತು. ನಮ್ಮ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಜೊತೆಗೇ ಯೋಗವನ್ನೂ ಹೇಳಿಕೊಡುತ್ತಾರೆ. ‘ಜೊತೆಗೆ’ ಅನ್ನೋ ಪದ ಮುಖ್ಯ. ಥೈರಾಯ್ಡ್ ಗ್ರಂಥಿ ಹಾರ್ಮೋನ್ ಮಾಡೋದನ್ನೇ ಕಡಿಮೆ ಮಾಡಿದ್ದರೆ ಸರ್ವಾಂಗಾಸನ ಅದನ್ನು ತುಂಬಿಕೊಡಲ್ಲ. ಆಸನ ಹಾಕ್ತಿದ್ದೀರಲ್ಲ, ಮಾತ್ರೆ ಬಿಟ್ಟುಬಿಡಿ ಅನ್ನೋ ಟ್ರೈನರ್ ಸಿಕ್ಕರೆ ಆ ಮಾತ್ರ ಕೇಳಬೇಡಿ, ಕ್ಲಾಸು ಬೇಕಾದರೆ ಬದಲಿಸಿ.

ಮೈಸೂರಿನಲ್ಲಿ ಕಲಸಿ ಹದವಾದ, ಧಾರವಾಡದಲ್ಲಿ ಹೆಂಗಸರು ಕೇಳಿ ಪಡೆದ, ಹಾಲಿವುಡ್ ಸುತ್ತಿ ಬಂದ ಈ ಯೋಗ ಶುದ್ಧ ಪುರಾತನವೂ ಅಲ್ಲ, ಪರದೇಶದ ಸರಕೂ ಅಲ್ಲ. ಮ್ಯಾಟ್ ಮೇಲೆ ನಿಲ್ಲೋಕೆ ಯಾರ ಅಪ್ಪಣೆಯೂ ಬೇಡ. ಗುರುಗಳು ಹೇಳಿದ್ದನ್ನೆಲ್ಲ ನಂಬಲೇಬೇಕು ಅಂತಲೂ ಇಲ್ಲ. ಧಾರವಾಡದವರು ಬಾಯಿಬಿಟ್ಟು ಕೇಳಿದ ಹಾಗೆ ನಾವೂ ಕೇಳಬೇಕು: ಇದರಿಂದ ಯಾವುದು ವಾಸಿಯಾಗುತ್ತೆ, ಯಾವುದು ಆಗಲ್ಲ, ನಿಮಗೆ ಹೇಗೆ ಗೊತ್ತು?