ಸೆಪ್ಟೆಂಬರಿನೊಳಗಣ ಏಳು

ಸಪ್ತ, ಅಷ್ಟ, ನವ, ದಶ ಎಂದು ಎಣಿಸಬಲ್ಲವರ ಕಿವಿಗೆ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂಬ ಹೆಸರುಗಳೊಳಗಣ ಸಂಖ್ಯೆಗಳು ಕೇಳಿಸದಿರವು. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಭಾಷಾಕುಲದವಾದುದರಿಂದ ಈ ಸಾದೃಶ್ಯವು ಆಕಸ್ಮಿಕವಲ್ಲ. ಹಾಗಿದ್ದರೆ ಏಳನೆಯದು ಒಂಬತ್ತನೆಯ ತಿಂಗಳಾಗಿ ನಿಂತುದೇಕೆ? ರೋಮನರ ಪ್ರಾಚೀನ ವರ್ಷವು ಯುದ್ಧದೇವತೆಯಾದ ಮಾರ್ಸನ ಹೆಸರನ್ನು ಹೊತ್ತ ಮಾರ್ಚಿನಿಂದ ಮೊದಲಾಗಿ ಹತ್ತೇ ತಿಂಗಳಿಗೆ ಮುಗಿಯುತ್ತಿದ್ದಿತೆಂದೂ, ಜನವರಿ ಫೆಬ್ರವರಿಗಳನ್ನು ಕೂಡಿಸಿದವನು ನೂಮನೆಂಬ ಅರಸನೆಂದೂ ಅವರ ಐತಿಹ್ಯ. ಕ್ರಿ.ಪೂ. 153ರಿಂದ ಕಾನ್ಸಲರೆಂಬ ಪ್ರಧಾನಾಧಿಕಾರಿಗಳು ಜನವರಿ 1ರಂದೇ ಅಧಿಕಾರ ವಹಿಸತೊಡಗಲು, ವರ್ಷಾದಿಯು ಅಲ್ಲಿಯೇ ಸ್ಥಿರವಾಯಿತು; ಹೆಸರುಗಳು ಮಾತ್ರ ಹಳೆಯ ಎಣಿಕೆಯನ್ನು ಬಿಡಲಿಲ್ಲ.

ಹೀಗೆ ಹನ್ನೆರಡು ತಿಂಗಳಾದ ಆ ವರ್ಷಕ್ಕೆ 355 ದಿನಗಳು. ಸೂರ್ಯಗತಿಯೊಡನೆ ಅದನ್ನು ಹೊಂದಿಸಲು ಫೆಬ್ರವರಿಯ ಕೊನೆಯಲ್ಲಿ ಒಂದು ಹೆಚ್ಚುವರಿ ತಿಂಗಳನ್ನು ಸೇರಿಸುವ ಪದ್ಧತಿಯಿದ್ದಿತು. ನಮ್ಮ ಪಂಚಾಂಗದ ಅಧಿಕಮಾಸವು ಗಣಿತಕ್ಕೆ ಅಧೀನ. ರೋಮಿನದು ಪುರೋಹಿತಮಂಡಲಿಯ ಇಚ್ಛೆಗೆ ಅಧೀನವಾಗಿದ್ದುದರಿಂದ, ಮಿತ್ರರ ಅಧಿಕಾರಾವಧಿಯನ್ನು ಹಿಗ್ಗಿಸುವುದಕ್ಕೂ ಶತ್ರುಗಳದನ್ನು ಕುಗ್ಗಿಸುವುದಕ್ಕೂ ಕಾಲವೇ ಉಪಕರಣವಾಯಿತು. ಸುಗ್ಗಿಯ ಹಬ್ಬವು ಸುಗ್ಗಿಗೆ ಬಾರದಷ್ಟು ಕೆಟ್ಟ ಈ ಲೆಕ್ಕವನ್ನು ಜೂಲಿಯಸ್ ಸೀಸರನು ಅಲೆಗ್ಸಾಂಡ್ರಿಯದ ಸೋಸಿಜಿನೀಸನ ನೆರವಿನಿಂದ ತಿದ್ದಿದನು, ಅದಕ್ಕಾಗಿ ಕ್ರಿ.ಪೂ. 46ನೆಯ ವರ್ಷವೊಂದನ್ನೇ 445 ದಿನಗಳಿಗೆ ಎಳೆಯಬೇಕಾಯಿತು.

ಈ ಸುಧಾರಣೆಗೆ ಹಿಂದಿನ ಪಂಚಾಂಗವೊಂದು ಇಟಲಿಯ ಆಂಜಿಯೊ ಪಟ್ಟಣದಲ್ಲಿ ದೊರೆತಿದೆ. ಗಾರೆಯ ಗೋಡೆಯ ಮೇಲೆ ಕೆಂಪು ಕಪ್ಪು ಅಕ್ಷರಗಳಲ್ಲಿ ಬರೆದ ಹದಿಮೂರು ಅಂಕಣಗಳು. ಹದಿಮೂರನೆಯದು ಆ ಹೆಚ್ಚುವರಿ ತಿಂಗಳಿನದು. ಆ ಪಂಚಾಂಗದಲ್ಲಿ ಜುಲೈಯೂ ಇಲ್ಲ, ಆಗಸ್ಟೂ ಇಲ್ಲ. ಐದನೆಯದೆಂಬರ್ಥದ ಕ್ವಿಂಟಿಲಿಸ್, ಆರನೆಯದೆಂಬರ್ಥದ ಸೆಕ್ಸ್‌ಟಿಲಿಸ್. ಸುಣ್ಣ ಉದುರಿದ ಆ ಚೂರುಗಳಷ್ಟು ಆಪ್ತವಾಗಿ ಯಾವ ಇತಿಹಾಸಗ್ರಂಥವೂ ಆ ಕಾಲವನ್ನು ನನ್ನೆದುರು ತಂದುದಿಲ್ಲ.

ಸೀಸರನು ಹುಟ್ಟಿದ ಕ್ವಿಂಟಿಲಿಸ್ ಕ್ರಿ.ಪೂ. 44ರಲ್ಲಿ ಜುಲೈ ಆಯಿತು. ನಾಲ್ಕು ವರ್ಷಕ್ಕೊಂದು ಅಧಿಕದಿನವೆಂಬ ಸೀಸರನ ವಿಧಿಯನ್ನು ಪುರೋಹಿತರು ತಪ್ಪಾಗಿ ಗ್ರಹಿಸಿ ಮೂರು ವರ್ಷಕ್ಕೊಮ್ಮೆ ಸೇರಿಸುತ್ತಿದ್ದುದನ್ನು ಸರಿಪಡಿಸಿದ ಸಾಮ್ರಾಟ ಆಗಸ್ಟಸನಿಗೆ ಕ್ರಿ.ಪೂ. 8ರಲ್ಲಿ ಸೆಕ್ಸ್‌ಟಿಲಿಸ್ ಮೀಸಲಾಯಿತು. ಅವನು ಫೆಬ್ರವರಿಯಿಂದ ಒಂದು ದಿನವನ್ನು ಕದ್ದು ತನ್ನ ತಿಂಗಳಿಗೆ ಸೇರಿಸಿದನೆಂಬ ಜನಪ್ರಿಯ ಕಥೆಯು ಹದಿಮೂರನೆಯ ಶತಮಾನದ ಕಲ್ಪನೆ. ಸೀಸರನ ಗಣನೆಯಲ್ಲಿಯೇ ಆ ತಿಂಗಳಿಗೆ 31 ದಿನಗಳಿದ್ದುವು.

ಮುಂದೆ ಸೆಪ್ಟೆಂಬರಿಗೆ ತನ್ನ ಹೆಸರಿಡುವುದನ್ನು ಸಾಮ್ರಾಟ ಟೈಬೀರಿಯಸನು ನಿರಾಕರಿಸಿದನು. ಅವನ ಅನಂತರದ ಸಾಮ್ರಾಟರಲ್ಲೊಬ್ಬನಾದ ಡೊಮಿಷಿಯನನಿಗೆ ಆ ಸಂಯಮವಿರಲಿಲ್ಲ. ಸೆಪ್ಟೆಂಬರ್ ಅವನ ಬಿರುದಿನಂತೆ ಜರ್ಮಾನಿಕಸ್ ಆಗಿ, ಅಕ್ಟೋಬರ್ ಡೊಮಿಷಿಯಾನಸ್ ಆಗಿ ಮಾರ್ಪಟ್ಟುವು. ಕ್ರಿ.ಶ. 96ರಲ್ಲಿ ಅವನು ಕೊಲೆಯಾದೊಡನೆ ಶಾಸನಗಳಿಂದ ಅವನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದರು. ಎರಡು ತಿಂಗಳುಗಳೂ ಹಿಂದಿನಂತೆ ಏಳು, ಎಂಟು ಆದುವು.